ಎಳೆದು ನೋಡು

ಏಳನೆಯ ಸಾಲು. ಮತ್ತೆ ಅಲ್ಲೇ ಮುಗ್ಗರಿಸಿತು.
ಕಣ್ಣಿಗೇನೂ ಕಾಣದು. ಇರಬೇಕಾದ್ದೆಲ್ಲ ಇದೆ.
ಬೆಲಾರ್ಮಿನೊ ಕನ್ನಡಕ ಹಣೆಗೇರಿಸಿಕೊಂಡು ಬಗ್ಗಿ ನೋಡಿದ:
"ಎಂಟು ಸಲ ಸ್ಪೇಸ್ ಒತ್ತಿದ್ದೀಯ, ಯಾಸ್ನಾ.
ಮೇಕ್‌ಗೆ ಬೇಕಾದ್ದು ಒಂದೇ ಒಂದು ಟ್ಯಾಬ್."
ಖಾಲಿಯಲ್ಲೂ ಜಾತಿಯುಂಟೆ?
ಉಂಟಂತೆ. ಯಾಕೆ ಅಂದರೆ
ಹಡಗಿನ ರೇಡಿಯೊ ಮುಂದೆ ಮೂವತ್ತು ವರ್ಷ ಕೂತವನು
ಹೆಗಲು ಕುಣಿಸಿದ: "ಚುಕ್ಕಿಗೂ ಗೆರೆಗೂ ನಡುವಿನ
ಮೌನಕ್ಕೂ ಅಳತೆಯಿತ್ತು. ನಾವು ಕೇಳಲಿಲ್ಲ."

ನಾನು ಬರೆದದ್ದು ಸಣ್ಣದು, ಭರತ ಇಳಿತದ ಲೆಕ್ಕ.
ನೀರು ಯಾವಾಗ ಹಿಂದೆ ಸರಿಯುತ್ತದೆ,
ಚಿಪ್ಪು ಹೆಕ್ಕುವವರು ಯಾವಾಗ ಬುಟ್ಟಿ ಹಿಡಿದು ಇಳಿಯಬಹುದು.
ಕಾಸ್ತ್ರೊದಲ್ಲಿ ನನ್ನ ಮೇಜಿನ ಮೇಲೆ ಗಿಣಿಯಂತೆ ಉಲಿಯಿತು.
ಲೆಮುಯ್ ದ್ವೀಪದ ಶಾಲೆಯ ಹಳೇ ಯಂತ್ರಕ್ಕೆ
ಹಾಗೇ ನಕಲಿಸಿ ಹಾಕಿದೆ,
ಬಾಯಿ ಬಿಡಲಿಲ್ಲ.
"ನನ್ನಲ್ಲಿ ಓಡುತ್ತದಲ್ಲ!"
"ಹಾಗಾದರೆ ದ್ವೀಪದವರೆಲ್ಲ ನಿನ್ನ ಮೇಜಿಗೇ ಬರಲಿ."

ಮನೆ ಕಟ್ಟಿ ನೋಡು ಎನ್ನುತ್ತದೆ ಗಾದೆ.
ನಮ್ಮ ಚಿಲೊಯೆಯಲ್ಲಿ ಎಳೆದು ನೋಡುತ್ತಾರೆ.
ನನಗೆ ಒಂಬತ್ತಿದ್ದಾಗ ಎದುವಿನಾ ಅತ್ತೆ
ಮಗಳಿರುವ ದ್ವೀಪಕ್ಕೆ ಹೋಗುತ್ತೇನೆಂದಳು, ಮನೆ ಸಮೇತ.
ಕಿಟಕಿ ಬಿಚ್ಚಿದರು, ಒಲೆ ಇಳಿಸಿದರು,
ಅಡಿಗೆ ದಿಮ್ಮಿ ಕೊಟ್ಟು ಹನ್ನೆರಡು ಜೋಡಿ ಎತ್ತು ಹೂಡಿದರು.
ಭರತದ ಹೊತ್ತಿಗೆ ಮನೆ ದಡ ಮುಟ್ಟಿತು.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ,
ಇಳಿಯಿತು, ತೇಲಿತು,
ದೋಣಿಗಳ ಹಿಂದೆ, ಸೊಂಟದವರೆಗೆ ಸಮುದ್ರ ಉಟ್ಟುಕೊಂಡು.
ಯಾರೂ ಕೂಲಿ ಕೇಳಲಿಲ್ಲ. ಆಲೂಗಡ್ಡೆ, ಹಂದಿಮಾಂಸ,
ಸೇಬಿನ ಹುಳಿಮದ್ಯ, ಒಂದು ಹೊಡೆದಾಟ.

ಎತ್ತುಗಳ ಕಥೆ ಎಲ್ಲರೂ ಹೇಳುತ್ತಾರೆ.
ಅದಕ್ಕೆ ಮೊದಲು ನಾಲ್ಕು ದಿನ
ಲಿಸಾಂದ್ರೊ ಮಾವ ಕೋಲು ಹಿಡಿದು ನಡೆದದ್ದು ಹೇಳುವುದಿಲ್ಲ.
ಇಲ್ಲಿ ಮಣ್ಣು ತಾಳೀತೇ? ಈ ತಿರುವು ಸಾಕಾದೀತೇ?
ಆಚೆ ದಡದಲ್ಲಿ ಕಲ್ಲೋ, ಕೆಸರೋ?
ಕುಟ್ಟುವುದು, ಸಿಗರೇಟು ಪೊಟ್ಟಣದ ಹಿಂದೆ ಗೀಚುವುದು.
ಒಮ್ಮೆ ಮೊಣಕಾಲಿನವರೆಗೆ ಹೂತು, ನಕ್ಕು, "ಇಲ್ಲ" ಎಂದು ಬರೆದದ್ದು.

ಆರು ವಾರ ಹಿಡಿಯಿತು.
ಕಂಸದೊಳಗೆ ಕಂಸ, ಅದರೊಳಗೊಂದು ಕಂಸ.
ಬರಹ ಬರೆಯುವ ಬರಹವನ್ನು ಬರೆಯುವ ಬರಹ.
ಎರಡು ಸಲ ಅತ್ತೆ, ಒಂದು ಸಲ ಸುಮ್ಮನೆ ನಿದ್ದೆಗೆಟ್ಟು.

ಫೆರ್ರಿ ದಾಟಿ ಲೆಮುಯ್. ಶಾಲೆಯ ಅಡುಗೆಮನೆ ಪಕ್ಕದ ಕೋಣೆ.
ಕಾನ್ಫಿಗರ್ ಎಂದೆ. ಕೋಲು ಕುಟ್ಟತೊಡಗಿತು.
ಸುತ್ತಲಿನದು ಸ್ವಸ್ಥವಾಗಿದೆಯೇ…
ಅಲ್ಲೇ ನಿಂತಿತು.
ಈಗ ಹುಟ್ಟಿದ ಕಡತ, ನೀನು ತಂದ ಕಡತಗಳಿಗಿಂತ ಹಳೆಯದು.
ಗಡಿಯಾರ ನೋಡು.

ಗಡಿಯಾರ ನೋಡಿದೆ. ಜನವರಿ ಒಂದು, ಸಾವಿರದೊಂಬೈನೂರ ಎಂಬತ್ತು.
ಒಳಗಿನ ಬಿಲ್ಲೆ ಸತ್ತು ಯಾವ ಕಾಲವಾಯಿತೋ,
ಪಾಪ, ಪ್ರತಿ ಬೆಳಿಗ್ಗೆ ಎದ್ದು
ನಾನು ಹುಟ್ಟದ ವರ್ಷಕ್ಕೆ ಶುಭಾಶಯ ಕೋರುತ್ತಿತ್ತು.
ಇಂಥದರ ಕೈಯಲ್ಲಿ ಸಮುದ್ರದ ವೇಳೆ ಕೇಳಹೊರಟಿದ್ದೆ.

ಅಡುಗೆಯ ಫ್ರೆಸಿಯಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.
ಒಳಹೋಗಿ, ಹಿಟ್ಟು ತೂಗುವ ತಕ್ಕಡಿಯ ಬೆನ್ನು ಬಿಚ್ಚಿ
ಬಿಲ್ಲೆಯೊಂದನ್ನು ಏಪ್ರನ್ನಿಗೆ ಒರೆಸಿ ತಂದಳು.
"ಇವತ್ತು ಕೈಯಳತೆ," ಎಂದಳು.

ಸ್ವಸ್ಥವಾಗಿದೆಯೇ… ಹೌದು.
ಕಂಪೈಲರ್ ಇದೆಯೇ… ಇದೆ.
ಕೆಲಸ ಮಾಡುತ್ತದೆಯೇ… ಮಾಡುತ್ತದೆ.
ಆ ಲೈಬ್ರರಿ ಇದೆಯೇ… ಇಲ್ಲ.
ಇಲ್ಲ ಅಂದ ಮೇಲೂ ಮುಂದಿನ ಸಾಲು ಬಂತು.
ಬೆಲಾರ್ಮಿನೊ ಫೋನಿನಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು.

ಪರದೆ ಹೇಳಿತು: ಇಳಿತ, ನಾಲ್ಕು ಹತ್ತಕ್ಕೆ.
ಫ್ರೆಸಿಯಾ ಪರದೆಯನ್ನಲ್ಲ, ಕಿಟಕಿಯನ್ನು ನೋಡಿ
"ನಾಲ್ಕೂ ಕಾಲು," ಎಂದಳು.

ಐದು ನಿಮಿಷ.
ಬುಟ್ಟಿ ತಗೊಂಡು ಇಬ್ಬರೂ ಇಳಿದೆವು.